ಹಳೆ ಕಾರಿಗೆ ಯಾವ ಪೆಟ್ರೋಲ್? ಕಾರ್ಬೊರೇಟರ್ ಸೆಟ್ ಮಾಡೋದು ಹೇಗೆ?

ವಿಂಟೇಜ್ ಕಾರು ಇಟ್ಟುಕೊಂಡವರಲ್ಲಿ ಒಂದು ನಂಬಿಕೆ ಇದೆ. ಕಾರು ಅಪರೂಪದ್ದು, ಹಾಗಾಗಿ ಅದಕ್ಕೆ ಬಂಕ್‌ನಲ್ಲಿ ಸಿಗುವ ಅತಿ ದುಬಾರಿ ಪೆಟ್ರೋಲನ್ನೇ ಹಾಕಬೇಕು ಅಂತ. ಆಕ್ಟೇನ್ 95 ಇದ್ದರೆ ಒಳ್ಳೆಯದು, 100 ಇದ್ದರೆ ಇನ್ನೂ ಒಳ್ಳೆಯದು. ಪ್ರೀತಿಯಿಂದ ಮಾಡುವ ಖರ್ಚು, ಬೇಡ ಅನ್ನೋದು ಕಷ್ಟ. ಆದರೆ 1920ಕ್ಕಿಂತ ಹಿಂದಿನ ಎಂಜಿನ್‌ಗೆ ಆ ಹೆಚ್ಚಿನ ಆಕ್ಟೇನ್‌ನಿಂದ ಏನೂ ಸಿಗುವುದಿಲ್ಲ.

ಪಿಸ್ಟನ್ ಮೇಲೆ ಬರುವಾಗ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ. ಎಷ್ಟು ಪಟ್ಟು ಒತ್ತುತ್ತದೆ ಅನ್ನೋದೇ ಕಂಪ್ರೆಷನ್ ರೇಶಿಯೋ. ಇವತ್ತಿನ ಸಾಮಾನ್ಯ ಕಾರಿನಲ್ಲಿ ಇದು 10ರ ಆಸುಪಾಸು. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿಯಲ್ಲಿ ಬರೀ 4ರ ಹತ್ತಿರ. ಒತ್ತಡ ಜಾಸ್ತಿಯಾದರೆ, ಪ್ಲಗ್‌ನಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಉಳಿದ ಮಿಶ್ರಣ ತಾನಾಗಿ ಹೊತ್ತಿಕೊಳ್ಳುತ್ತದೆ. ಎಂಜಿನ್ ಟಕಟಕ ಅನ್ನುತ್ತದೆ. ಅದೇ ನಾಕಿಂಗ್. ಹಾಗೆ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಯ ಅಳತೆಯೇ ಆಕ್ಟೇನ್. 4 ಪಟ್ಟು ಮಾತ್ರ ಒತ್ತುವ ಎಂಜಿನ್‌ನಲ್ಲಿ ಆ ತಡೆಯುವ ಕೆಲಸವೇ ತೀರಾ ಕಮ್ಮಿ. ಆ ಕಾಲದ ಪೆಟ್ರೋಲನ್ನು ಇವತ್ತಿನ ಲೆಕ್ಕದಲ್ಲಿ ಅಳೆದರೆ ಆಕ್ಟೇನ್ 50, 60 ಬಂದರೆ ಹೆಚ್ಚು. ನಮ್ಮ ಬಂಕಿನ ಸಾದಾ ಪೆಟ್ರೋಲ್ 91 ದಾಟಿರುತ್ತದೆ.

ಇದರ ಜೊತೆಗೆ ಇನ್ನೊಂದು ಮಾತು ಓಡಾಡುತ್ತದೆ. ಹಳೆ ಎಂಜಿನ್‌ಗೆ ಸೀಸ ಇರುವ ಪೆಟ್ರೋಲ್ ಬೇಕು, ಅದು ಈಗ ಸಿಗೋದಿಲ್ಲ, ಹಾಗಾಗಿ ಬಾಟಲಿಯಲ್ಲಿ ಬರುವ ಯಾವುದೋ ದ್ರವ ಬೆರೆಸಬೇಕು ಅಂತ. 1950, 60ರ ದಶಕದ ಕಾರುಗಳ ವಿಷಯದಲ್ಲಿ ಇದಕ್ಕೆ ಸ್ವಲ್ಪ ಅರ್ಥ ಇದೆ. ಆದರೆ ಪೆಟ್ರೋಲಿಗೆ ಸೀಸ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆ ಅಂತ ಅಮೆರಿಕದಲ್ಲಿ ಗೊತ್ತಾದದ್ದೇ 1921ರ ಡಿಸೆಂಬರಿನಲ್ಲಿ. ಅಂಥ ಪೆಟ್ರೋಲ್ ಮೊದಲು ಮಾರಾಟವಾದದ್ದು 1923ರ ಫೆಬ್ರವರಿಯಲ್ಲಿ, ಒಹಾಯೋದ ಡೇಟನ್‌ನಲ್ಲಿ. 1912ರ ಕಾರು ಸೀಸದ ಮುಖವನ್ನೇ ನೋಡದೆ ಹತ್ತು ವರ್ಷ ಓಡಿದೆ. ಅದಕ್ಕೆ ಈಗ ಸೀಸ ಬೇಕು ಅನ್ನೋದು ಯಾವ ನ್ಯಾಯ?

ಹಾಗಾದರೆ ಆ ಎಂಜಿನ್ ಕೇಳುವುದು ಏನನ್ನು? ಎರಡನ್ನು. ಪೆಟ್ರೋಲ್ ಸುಲಭವಾಗಿ ಆವಿಯಾಗಬೇಕು, ಆ ಆವಿ ಸರಿಯಾದ ಅಳತೆಯಲ್ಲಿ ಗಾಳಿಯ ಜೊತೆ ಸೇರಬೇಕು. ಎರಡೂ, ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್‌ಗೆ ಕಳಿಸುವ ಕಾರ್ಬೊರೇಟರಿನ ಬಾಗಿಲಲ್ಲೇ ತೀರ್ಮಾನವಾಗುತ್ತವೆ. ಯಾವ ಇಂಧನ ಅನ್ನೋ ಪ್ರಶ್ನೆಯನ್ನು, ಕಾರ್ಬೊರೇಟರ್ ಹೇಗೆ ತಿರುಗಿಸಬೇಕು ಅನ್ನೋ ಪ್ರಶ್ನೆಯಿಂದ ಬೇರೆ ಮಾಡಿ ನೋಡಿದರೆ ಎರಡಕ್ಕೂ ಉತ್ತರ ಸಿಗುವುದಿಲ್ಲ.

ಅಳತೆಯ ಲೆಕ್ಕ

ದ್ರವ ರೂಪದ ಪೆಟ್ರೋಲ್ ಉರಿಯುವುದಿಲ್ಲ, ಉರಿಯುವುದು ಅದರ ಆವಿ. 1 ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಗಾಳಿಯನ್ನು ಕಿಲೋದಲ್ಲಿ ಯೋಚಿಸುವುದು ನಮಗೆ ಅಭ್ಯಾಸವಿಲ್ಲ, ಲೀಟರ್ ಲೆಕ್ಕಕ್ಕೆ ಬರೋಣ. 1 ಲೀಟರ್ ಪೆಟ್ರೋಲಿಗೆ ಸುಮಾರು 9,000 ಲೀಟರ್ ಗಾಳಿ! ಇಷ್ಟು ದೊಡ್ಡ ಅಂತರದ ಎರಡು ವಸ್ತುಗಳನ್ನು, ಎಂಜಿನ್ ನಿಧಾನ ಓಡಲಿ, ಜೋರಾಗಿ ಓಡಲಿ, ಅದೇ ಪ್ರಮಾಣದಲ್ಲಿ ಬೆರೆಸಬೇಕು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ತೂತು, ಒಂದು ಸೂಜಿ, ಒಂದು ತೇಲುವ ಬುರುಡೆ, ಅಷ್ಟೇ.

ಪ್ರಮಾಣ ಸ್ವಲ್ಪ ಆಚೀಚೆ ಆದರೂ ಎಂಜಿನ್ ಓಡುತ್ತದೆ. 12.5 ಕಿಲೋ ಗಾಳಿಗೆ 1 ಕಿಲೋ ಪೆಟ್ರೋಲ್ ಇದ್ದಾಗ ಬಲ ಜಾಸ್ತಿ. 16ರ ಹತ್ತಿರ ಹೋದರೆ ಉಳಿತಾಯ ಜಾಸ್ತಿ. ಪೆಟ್ರೋಲ್ ಜಾಸ್ತಿ ಇರುವ ಮಿಶ್ರಣಕ್ಕೆ ಗ್ಯಾರೇಜಿನಲ್ಲಿ ರಿಚ್ ಅನ್ನುತ್ತಾರೆ, ಗಾಳಿ ಜಾಸ್ತಿ ಇದ್ದರೆ ಲೀನ್. ನಾನೂ ಹಾಗೇ ಕರೆಯುತ್ತೇನೆ.

ಔಷಧಿ ಅಂಗಡಿಯಿಂದ ಶುರು

ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಗಾಲಿಯ ಗಾಡಿಗೆ ಪೆಟ್ರೋಲ್ ಬಂಕ್ ಇರಲಿಲ್ಲ. ಅದಕ್ಕೆ ಹಾಕುತ್ತಿದ್ದದ್ದು ಲಿಗ್ರೊಯಿನ್ ಎಂಬ ಹಗುರ ಎಣ್ಣೆ. ಬಟ್ಟೆಯ ಕಲೆ ತೆಗೆಯಲು ಔಷಧಿ ಅಂಗಡಿಯಲ್ಲಿ ಮಾರುತ್ತಿದ್ದರು. 1888ರ ಆಗಸ್ಟಿನಲ್ಲಿ ಅವನ ಹೆಂಡತಿ ಬರ್ತಾ ಬೆಂಜ್ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 100 ಕಿಲೋಮೀಟರ್ ದಾರಿ. ವೀಸ್ಲೋಕ್ ಊರಿನ ಔಷಧಿ ಅಂಗಡಿಯಲ್ಲಿ ನಿಂತು ಲಿಗ್ರೊಯಿನ್ ಕೊಂಡಳು. ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ತಮ್ಮದೇ ಅಂತ ಆ ಊರಿನವರು ಈಗಲೂ ಹೇಳಿಕೊಳ್ಳುತ್ತಾರೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಾಗ ತನ್ನ ಟೋಪಿಯ ಪಿನ್ನಿನಿಂದ ಬಿಡಿಸಿದಳು ಅಂತ ಹೇಳುವ ಕಥೆಯೂ ಇದೆ. ನಮ್ಮಲ್ಲಿ ಸ್ಕೂಟರಿನ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬರುವ ಸಣ್ಣ ತೂತಿಗೆ, ಅಂದರೆ ಜೆಟ್‌ಗೆ, ಪಿನ್ ಹಾಕಿ ಚುಚ್ಚುವವರೆಲ್ಲ ಅವಳ ವಂಶದವರೇ. (ಜೆಟ್‌ಗೆ ಪಿನ್ ಹಾಕಬೇಡಿ. ಹಿತ್ತಾಳೆ ಮೆದು, ತೂತು ದೊಡ್ಡದಾಗುತ್ತದೆ. ಗಾಳಿ ಊದಿ.)

ಆ ಗಾಡಿಯಲ್ಲಿದ್ದದ್ದು ಸರ್ಫೇಸ್ ಕಾರ್ಬೊರೇಟರ್. ಒಂದು ಡಬ್ಬದಲ್ಲಿ ಎಣ್ಣೆ, ಅದರ ಮೇಲಿನಿಂದ ಹಾದುಹೋಗುವ ಗಾಳಿ. ಹೋಗುವಾಗ ಗಾಳಿ ಆವಿಯನ್ನು ಹೊತ್ತುಕೊಂಡು ಹೋಗುತ್ತದೆ. ಜೆಟ್ ಇಲ್ಲ, ಸೂಜಿ ಇಲ್ಲ, ಕಟ್ಟಿಕೊಳ್ಳುವ ಭಾಗಗಳು ಕಮ್ಮಿ. ಕೇಳಲು ಚೆನ್ನಾಗಿದೆ, ಅಲ್ವಾ?

ತೊಂದರೆ ಇರುವುದು ಎಣ್ಣೆಯಲ್ಲಿ. ಪೆಟ್ರೋಲ್ ಅನ್ನೋದು ಒಂದೇ ವಸ್ತುವಲ್ಲ, ನೂರಾರು ಬಗೆಯ ಹೈಡ್ರೊಕಾರ್ಬನ್‌ಗಳು ಬೆರೆತ ದ್ರವ. ಕೆಲವು 40 ಡಿಗ್ರಿಯಲ್ಲೇ ಕುದಿಯುತ್ತವೆ, ಕೆಲವಕ್ಕೆ 150 ಡಿಗ್ರಿಯೂ ಸಾಲದು. ಮೇಲಿನಿಂದ ಗಾಳಿ ಹಾಯುತ್ತಾ ಹೋದರೆ ಹಗುರವಾದವು ಮೊದಲು ಹಾರಿಹೋಗುತ್ತವೆ. ಬೆಳಿಗ್ಗೆ ಚುರುಕಾಗಿ ಶುರುವಾದ ಎಂಜಿನ್ ಡಬ್ಬ ಅರ್ಧ ಖಾಲಿಯಾಗುವ ಹೊತ್ತಿಗೆ ಮಂಕಾಗುತ್ತದೆ, ಯಾಕೆಂದರೆ ಉಳಿದಿರುವುದು ಭಾರದ ಎಣ್ಣೆ. ಅದನ್ನು ಬಸಿದು ಚೆಲ್ಲಿ ಹೊಸದು ಹಾಕಬೇಕು. ಚಳಿ ಬಿದ್ದರೆ ಆವಿ ಕಮ್ಮಿ. ರಸ್ತೆಯ ಗುಂಡಿಯಲ್ಲಿ ಗಾಡಿ ಕುಲುಕಿದರೆ ಎಣ್ಣೆ ಅಲ್ಲಾಡಿ ಆವಿ ಜಾಸ್ತಿ. ಹಾಗಾಗಿ ಚಾಲಕನ ಕೈಯಲ್ಲಿ ಗಾಳಿ ಬೆರೆಸುವ ಹಿಡಿ ಒಂದಿರುತ್ತಿತ್ತು. ಅದನ್ನು ದಾರಿಯುದ್ದಕ್ಕೂ ಆಚೀಚೆ ಮಾಡುತ್ತಲೇ ಇರಬೇಕು. 1890ರ ದಶಕದಲ್ಲಿ ಫ್ರಾನ್ಸಿನ ದ ದಿಯೋಂ ಬುತೋಂ ಕಂಪನಿಯ ಮೋಟಾರ್ ಟ್ರೈಸಿಕಲ್ ಓಡಿಸುವುದೂ ಹೀಗೇ ಇತ್ತು. ಇಂಥ ಗಾಡಿಗಳಿಗೆ ತುಂಬಾ ಹಗುರವಾದ ಪೆಟ್ರೋಲ್ ಬಿಟ್ಟು ಬೇರೇನೂ ಒಗ್ಗುತ್ತಿರಲಿಲ್ಲ.

ಜೆಟ್ ಬಂತು

1893ರ ಸುಮಾರಿಗೆ ದಾರಿ ಬದಲಾಯಿತು. ಜರ್ಮನಿಯಲ್ಲಿ ವಿಲ್ಹೆಲ್ಮ್ ಮೈಬಾಖ್, ಹಂಗೇರಿಯಲ್ಲಿ ದೊನಾತ್ ಬಾಂಕಿ ಮತ್ತು ಯಾನೋಶ್ ಚೊಂಕಾ ಬೇರೆ ಬೇರೆಯಾಗಿ ಒಂದೇ ಉಪಾಯಕ್ಕೆ ಬಂದರು. ಎಣ್ಣೆಯ ಮೇಲೆ ಗಾಳಿ ಹಾಯಿಸುವ ಬದಲು ಗಾಳಿಯೊಳಗೆ ಎಣ್ಣೆಯನ್ನು ಸಿಂಪಡಿಸುವುದು. ಸೊಳ್ಳೆಗೆ ಹೊಡೆಯುತ್ತಿದ್ದ ಫ್ಲಿಟ್ ಪಂಪು ನೆನಪಿದ್ದರೆ ಇದು ಅರ್ಥವಾದಂತೆಯೇ. ಪಂಪಿನ ಗಾಳಿ ಜೋರಾಗಿ ಕೊಳವೆಯ ಬಾಯಿ ದಾಟುವಾಗ ಡಬ್ಬದ ಔಷಧಿ ತಾನಾಗಿ ಮೇಲೆದ್ದು ತುಂತುರಾಗುತ್ತದೆ. ಕಾರಿನಲ್ಲಿ ಪಂಪು ಹೊಡೆಯುವುದು ಪಿಸ್ಟನ್. ಕೆಳಗಿಳಿಯುವಾಗ ಅದು ಗಾಳಿಯನ್ನು ಎಳೆಯುತ್ತದೆ. ಗಾಳಿಯ ದಾರಿಯಲ್ಲಿ ಒಂದು ಕಡೆ ಕೊಳವೆ ಕಿರಿದಾಗಿರುತ್ತದೆ. ಅಲ್ಲಿ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ಅದೇ ಜಾಗದಲ್ಲಿ ಜೆಟ್‌ನ ಬಾಯಿ. ಪಕ್ಕದ ಬಟ್ಟಲಿನಲ್ಲಿ ಪೆಟ್ರೋಲ್ ಜೆಟ್‌ನ ಬಾಯಿಗಿಂತ ಕೂದಲೆಳೆ ಕೆಳಗೆ ನಿಂತಿರುತ್ತದೆ. ಆ ಮಟ್ಟ ಕಾಯುವುದು ಫ್ಲೋಟ್, ಅಂದರೆ ಆ ತೇಲುವ ಬುರುಡೆ. ಪೆಟ್ರೋಲ್ ಇಳಿದರೆ ಫ್ಲೋಟ್ ಇಳಿದು ಸೂಜಿ ತೆರೆಯುತ್ತದೆ, ತುಂಬಿದರೆ ಮುಚ್ಚುತ್ತದೆ. ನೂರು ವರ್ಷ ಕಳೆದರೂ ನಮ್ಮ ಬೈಕುಗಳಲ್ಲಿ ಇದ್ದದ್ದು ಇದೇ. 2020ರಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಹೊಸ ಬೈಕುಗಳಿಂದ ಮರೆಯಾಗುತ್ತಾ ಬಂತು.

ಇದರ ದೊಡ್ಡ ಲಾಭ ಏನೆಂದರೆ, ಹಗುರ ಭಾರ ಎಲ್ಲ ಭಾಗವೂ ಒಟ್ಟಿಗೇ ಖರ್ಚಾಗುತ್ತದೆ. ಡಬ್ಬದಲ್ಲಿ ಭಾರದ ಎಣ್ಣೆ ಉಳಿಯುವ ಕಾಟ ಮುಗಿಯಿತು. ಆದರೆ ಹೊಸ ಕಾಟ ಹುಟ್ಟಿತು. ಬರೀ ಒಂದು ತೂತಿನ ಜೆಟ್ ತಾನಾಗಿ ಅಳತೆ ಕಾಯುವುದಿಲ್ಲ. ಎಂಜಿನ್ ನಿಧಾನ ಇದ್ದಾಗ ಎಳೆತ ಸಾಲದೆ ಪೆಟ್ರೋಲ್ ಬರುವುದೇ ಕಷ್ಟ, ವೇಗ ಏರಿದಾಗ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ. ನಿಧಾನಕ್ಕೆ ಸೆಟ್ ಮಾಡಿದರೆ ವೇಗದಲ್ಲಿ ಹೊಗೆ, ವೇಗಕ್ಕೆ ಸೆಟ್ ಮಾಡಿದರೆ ನಿಧಾನದಲ್ಲಿ ಎಂಜಿನ್ ಬಂದ್.

ಮುಂದಿನ ಇಪ್ಪತ್ತು ವರ್ಷದ ಕಾರ್ಬೊರೇಟರ್ ಇತಿಹಾಸ ಅಂದರೆ ಈ ಒಂದು ತೊಂದರೆಗೆ ಹುಡುಕಿದ ಪರಿಹಾರಗಳ ಪಟ್ಟಿ. 1902ರಲ್ಲಿ ಪಾನ್ಹಾರ್ ಕಂಪನಿಯ ಆರ್ಥರ್ ಕ್ರೆಬ್ಸ್, ಎಳೆತ ಏರಿದಾಗ ತಾನಾಗಿ ತೆರೆದು ಹೆಚ್ಚಿನ ಗಾಳಿ ಬಿಡುವ ಬಾಗಿಲು ಇಟ್ಟ. ಫ್ರಾನ್ಸಿನ ಬಾವ್ರೇ ಎರಡು ಜೆಟ್ ಇಟ್ಟ. ಒಂದು ವೇಗದ ಜೊತೆ ರಿಚ್ ಆಗುತ್ತದೆ, ಇನ್ನೊಂದು ಲೀನ್ ಆಗುತ್ತದೆ, ಎರಡೂ ಸೇರಿದರೆ ಸಮ. ಅದೇ ಜೆನಿತ್ ಕಾರ್ಬೊರೇಟರ್. ಇಂಗ್ಲೆಂಡಿನ ಸ್ಕಿನ್ನರ್ ಸಹೋದರರ ಎಸ್‌ಯು ಕಾರ್ಬೊರೇಟರಿನಲ್ಲಿ ಗಾಳಿಯ ದಾರಿಯೇ ಎಂಜಿನ್ನಿನ ಹಸಿವಿಗೆ ತಕ್ಕಂತೆ ಕಿರಿದು, ಅಗಲ ಆಗುತ್ತದೆ. ಅದರ ಜೊತೆಗೇ ಒಂದು ಚೂಪು ಸೂಜಿ ಜೆಟ್‌ನೊಳಗೆ ಏರಿ ಇಳಿಯುತ್ತದೆ. ನನ್ನ ಕಣ್ಣಿಗೆ ಮೂರರಲ್ಲಿ ಚೆಂದದ್ದು ಇದೇ. ಉಳಿದವು ತಪ್ಪನ್ನು ಸರಿದೂಗಿಸುತ್ತವೆ, ಇದು ತಪ್ಪು ಆಗಲು ಬಿಡುವುದಿಲ್ಲ.

ಫೋರ್ಡ್ ಮಾತ್ರ ಈ ಜಾಣತನಕ್ಕೆಲ್ಲ ದುಡ್ಡು ಹಾಕಲಿಲ್ಲ. ಮಾಡೆಲ್ ಟಿಗೆ ಹಾಲಿ, ಕಿಂಗ್‌ಸ್ಟನ್ ಕಂಪನಿಗಳ ಸರಳ ಕಾರ್ಬೊರೇಟರ್ ಹಾಕಿ, ಅಳತೆ ಕಾಯುವ ಕೆಲಸವನ್ನು ಓಡಿಸುವವನಿಗೇ ಬಿಟ್ಟ.

680 ಎಂಬ ಮಂತ್ರ

ಈಗ ಇಂಧನದ ಕಡೆ ಬರೋಣ. 1900ರ ಸುಮಾರಿನ ಇಂಗ್ಲೆಂಡಿನಲ್ಲಿ ಪೆಟ್ರೋಲ್ 2 ಗ್ಯಾಲನ್ ಡಬ್ಬಗಳಲ್ಲಿ, ಅಂದರೆ ಸುಮಾರು 9 ಲೀಟರ್ ಲೆಕ್ಕದಲ್ಲಿ ಬರುತ್ತಿತ್ತು. ಒಳ್ಳೆಯ ಪೆಟ್ರೋಲ್ ಅಂದರೆ 680. ಒಂದು ಲೀಟರ್ 680 ಗ್ರಾಂ ತೂಗಬೇಕು ಅಂತ ಅರ್ಥ. ಹುಷಾರಾದ ಕಾರಿನವರು ಹೈಡ್ರೊಮೀಟರ್ ಜೊತೆಗೇ ಇಟ್ಟುಕೊಂಡು, ಕೊಳ್ಳುವ ಮೊದಲು ಅದ್ದಿ ನೋಡುತ್ತಿದ್ದರು. ಹಾಲಿಗೆ ನೀರು ಬೆರೆಸಿದ್ದಾರಾ ಅಂತ ಡೈರಿಯಲ್ಲಿ ನೋಡುವುದೂ ಇದೇ ಬಗೆಯ ಉಪಕರಣದಿಂದಲೇ. ಹಗುರ ಇದ್ದರೆ ಬೇಗ ಆವಿಯಾಗುತ್ತದೆ ಅನ್ನೋದು ತರ್ಕ.

ತರ್ಕ ಪೂರ್ತಿ ಸರಿ ಇರಲಿಲ್ಲ. ಶೆಲ್ ಕಂಪನಿ ಬೋರ್ನಿಯೊ, ಸುಮಾತ್ರಾ ಕಡೆಯಿಂದ ತಂದ ಪೆಟ್ರೋಲ್ 720ರ ಸುಮಾರು ತೂಗುತ್ತಿತ್ತು. ಭಾರ ಅಂತ ಮೂಗು ಮುರಿದವರಿದ್ದರು. ಆದರೆ ಅದು ಚೆನ್ನಾಗಿಯೇ ಆವಿಯಾಗುತ್ತಿತ್ತು. ಅದರಲ್ಲಿ ಬೆಂಜಿನ್, ಟೊಲ್ವಿನ್ ಥರದ ಅರೊಮ್ಯಾಟಿಕ್ ಅಂಶಗಳು ಜಾಸ್ತಿ. ಅವು ತೂಕಕ್ಕೆ ಭಾರ, ಆವಿಯಾಗಲು ಹಗುರ. ಮೇಲಾಗಿ ನಾಕಿಂಗ್ ತಡೆಯುವುದರಲ್ಲೂ ಮುಂದೆ ಅಂತ ಎಂಜಿನಿಯರ್ ಹ್ಯಾರಿ ರಿಕಾರ್ಡೊ ಆಮೇಲೆ ತೋರಿಸಿದ. ಒಂದು ಅಂಕಿ ನೋಡಿ ಇಂಧನ ಕೊಳ್ಳುವ ಚಟ ಆಗಲೇ ಇತ್ತು. ಆಗ 680, ಈಗ ಆಕ್ಟೇನ್.

ಪೆಟ್ರೋಲ್ ಬಿಟ್ಟು ಬೇರೆಯವನ್ನೂ ಜನ ಹಾಕಿ ನೋಡಿದರು. ಕಲ್ಲಿದ್ದಲಿನಿಂದ ಕೋಕ್ ಮಾಡುವಾಗ ಸಿಗುವ ಬೆಂಜಾಲ್ ಯುರೋಪಿನಲ್ಲಿ ಚೆನ್ನಾಗಿ ಓಡಿತು. ಕುದಿಯುವುದು 80 ಡಿಗ್ರಿಯ ಹತ್ತಿರ, ನಾಕಿಂಗ್ ಇಲ್ಲ. ಆದರೆ ಶುದ್ಧ ಬೆಂಜಿನ್ 5.5 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಯುರೋಪಿನ ಚಳಿಗಾಲಕ್ಕೆ ಇದು ಆಗದ ಮಾತು, ಹಾಗಾಗಿ ಪೆಟ್ರೋಲ್ ಜೊತೆ ಬೆರೆಸಿ ಮಾರುತ್ತಿದ್ದರು.

ಆಲ್ಕೋಹಾಲ್ ಕಥೆ ಇನ್ನೂ ಹಳೆಯದು. ಫ್ರಾನ್ಸ್, ಜರ್ಮನಿಯಲ್ಲಿ ಸ್ವಂತ ಎಣ್ಣೆ ಬಾವಿ ಸಾಕಷ್ಟಿರಲಿಲ್ಲ, ಬೀಟ್‌ರೂಟ್ ಮತ್ತು ಆಲೂಗಡ್ಡೆ ಬೇಕಾದಷ್ಟಿತ್ತು. 1902ರಲ್ಲಿ ಫ್ರಾನ್ಸಿನಲ್ಲಿ ಆಲ್ಕೋಹಾಲಿನ ಮೇಲೆಯೇ ಓಡುವ ಸರ್ಕ್ಯೂಟ್ ದ್ಯು ನೋರ್ ಎಂಬ ರೇಸ್ ನಡೆಸಿದರು. ಕಾರ್ಬೊರೇಟರಿನ ಕಣ್ಣಿನಿಂದ ನೋಡಿದರೆ ಆಲ್ಕೋಹಾಲ್ ಬೇರೆಯದೇ ಪ್ರಾಣಿ. ಅದರೊಳಗೆ ಆಗಲೇ ಆಮ್ಲಜನಕ ಇರುವುದರಿಂದ 1 ಕಿಲೋ ಎಥೆನಾಲಿಗೆ 9 ಕಿಲೋ ಗಾಳಿ ಸಾಕು. ಅಂದರೆ ಅಷ್ಟೇ ಗಾಳಿಗೆ ಪೆಟ್ರೋಲಿಗಿಂತ 1.6 ಪಟ್ಟು ಜಾಸ್ತಿ ಇಂಧನ ಹರಿಯಬೇಕು. ಪೆಟ್ರೋಲಿನ ಜೆಟ್ ಇಟ್ಟುಕೊಂಡು ಬರೀ ಆಲ್ಕೋಹಾಲ್ ಹಾಕಿದರೆ ಎಂಜಿನ್ ಓಡುವುದೇ ಇಲ್ಲ. ಇನ್ನೊಂದು, ಅದು ಆವಿಯಾಗುವಾಗ ಶಾಖ ಹೀರುವುದು ವಿಪರೀತ. ಪೆಟ್ರೋಲ್ ಪೂರ್ತಿ ಆವಿಯಾದರೆ ಒಳಗೆ ಹೋಗುವ ಗಾಳಿ ಸುಮಾರು 20 ಡಿಗ್ರಿ ತಣ್ಣಗಾಗುತ್ತದೆ. ಆಲ್ಕೋಹಾಲ್ ಆದರೆ ಅದರ ನಾಲ್ಕು ಪಟ್ಟು. ಚಳಿಯಲ್ಲಿ ಸ್ಟಾರ್ಟ್ ಆಗದೆ ಮೊಂಡು ಹಿಡಿಯುವುದು ಇದಕ್ಕೇ.

ಆ 20 ಡಿಗ್ರಿಯೂ ಕಡಿಮೆಯೇನಲ್ಲ. ಹೊರಗೆ 8 ಡಿಗ್ರಿ ಇದ್ದು, ಗಾಳಿ ಒದ್ದೆ ಇದ್ದರೆ ಕಾರ್ಬೊರೇಟರಿನ ಗಂಟಲಲ್ಲಿ ಮಂಜುಗಡ್ಡೆ ಕಟ್ಟಿ ಉಸಿರು ನಿಲ್ಲುತ್ತದೆ. ಎಕ್ಸಾಸ್ಟ್ ಪೈಪಿನ ಸುತ್ತ ತಗಡಿನ ಕವಚ ಹಾಕಿ, ಅಲ್ಲಿಂದ ಬಿಸಿ ಗಾಳಿಯನ್ನು ಕಾರ್ಬೊರೇಟರಿಗೆ ತಂದದ್ದು ಈ ಕಾರಣಕ್ಕೆ. 1910ರ ದಶಕದಲ್ಲಿ ಅದು ಇನ್ನೂ ಮುಖ್ಯವಾಯಿತು. ಅಮೆರಿಕದಲ್ಲಿ ಕಾರುಗಳ ಸಂಖ್ಯೆ ಏರುತ್ತಿತ್ತು, ಹಗುರ ಪೆಟ್ರೋಲ್ ಸಾಲುತ್ತಿರಲಿಲ್ಲ. ತೈಲ ಕಂಪನಿಗಳು ಸೀಮೆಎಣ್ಣೆಗೆ ಹತ್ತಿರದ ಭಾರದ ಭಾಗಗಳನ್ನೂ ಪೆಟ್ರೋಲಿಗೆ ಸೇರಿಸತೊಡಗಿದವು. 1913ರಲ್ಲಿ ಬರ್ಟನ್ ವಿಧಾನ ಬಂದು, ಭಾರದ ಎಣ್ಣೆಯನ್ನೇ ಒಡೆದು ಪೆಟ್ರೋಲ್ ಮಾಡುವುದು ಶುರುವಾಯಿತು. ಇಂಥ ಪೆಟ್ರೋಲ್ ತಣ್ಣನೆಯ ಎಂಜಿನ್‌ನಲ್ಲಿ ಪೂರ್ತಿ ಆವಿಯಾಗುತ್ತಿರಲಿಲ್ಲ. ಹನಿಗಳು ಸಿಲಿಂಡರಿನ ಗೋಡೆಯಿಂದ ಇಳಿದು ಕೆಳಗಿನ ಎಂಜಿನ್ ಆಯಿಲಿಗೆ ಸೇರಿ ಅದನ್ನು ನೀರಾಗಿಸುತ್ತಿದ್ದವು. ಹಳೆ ಕಾರಿನ ಪುಸ್ತಕಗಳಲ್ಲಿ ಆಯಿಲನ್ನು ಅಷ್ಟು ಬೇಗ ಬೇಗ ಬದಲಾಯಿಸಿ ಅಂತ ಬರೆದಿದ್ದರೆ, ಇದೂ ಒಂದು ಕಾರಣ.

ನಮ್ಮ ಕಡೆಯ ಒಂದು ಮಾತು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಕಟ್ಟಿ ಓಡಿಸಿದ್ದನ್ನು ಹಿರಿಯರು ಹೇಳುತ್ತಾರೆ. ಅಲ್ಲಿ ಆವಿಯ ಚಿಂತೆಯೇ ಇಲ್ಲ, ಬರುವುದೇ ಗ್ಯಾಸ್. ಶಕ್ತಿ ಮಾತ್ರ ಕಮ್ಮಿ, ಏರು ಬಂದರೆ ಜನ ಇಳಿದು ತಳ್ಳಬೇಕು.

ತಿರುಗಿಸುವ ಮೊದಲು

ಕಾರ್ಬೊರೇಟರ್ ಟ್ಯೂನಿಂಗ್ ಅಂದ ಕೂಡಲೇ ಸ್ಕ್ರೂಡ್ರೈವರ್ ಹಿಡಿಯುವವರನ್ನು ಕಂಡರೆ ನನಗೆ ಭಯ. ಕಾರ್ಬೊರೇಟರಿನ ಸರದಿ ಕೊನೆಗೆ. ಮೊದಲು ಕಿಡಿ ಸರಿ ಇದೆಯಾ ನೋಡಿ. ಪ್ಲಗ್, ಟೈಮಿಂಗ್, ವೈರು. ಆಮೇಲೆ ವಾಲ್ವ್ ಸರಿಯಾಗಿ ಕೂರುತ್ತಿದೆಯಾ, ಎಲ್ಲ ಸಿಲಿಂಡರಿನಲ್ಲೂ ಕಂಪ್ರೆಷನ್ ಇದೆಯಾ. ಆಮೇಲೆ ಗಾಳಿ ಎಲ್ಲಾದರೂ ಕಳ್ಳದಾರಿಯಲ್ಲಿ ಒಳಗೆ ಬರುತ್ತಿದೆಯಾ. ಕಾರ್ಬೊರೇಟರಿನಿಂದ ಎಂಜಿನ್‌ಗೆ ಹೋಗುವ ಕೊಳವೆಯ, ಅಂದರೆ ಮ್ಯಾನಿಫೋಲ್ಡಿನ, ಗ್ಯಾಸ್ಕೆಟ್ ಬಿರುಕು ಬಿಟ್ಟಿದ್ದರೆ ಮಿಶ್ರಣ ಲೀನ್ ಆಗುತ್ತದೆ, ನೀವು ಸೂಜಿ ಎಷ್ಟು ತಿರುಗಿಸಿದರೂ ಸರಿಹೋಗುವುದಿಲ್ಲ. ಐಡ್ಲಿಂಗ್‌ನಲ್ಲಿ ಓಡುವಾಗ ಆ ಜೋಡಣೆಯ ಮೇಲೆ ಬ್ರಶ್‌ನಿಂದ ಸ್ವಲ್ಪ ಎಂಜಿನ್ ಆಯಿಲ್ ಸವರಿ. ಶಬ್ದ ಬದಲಾದರೆ ಅಲ್ಲೇ ಸೋರಿಕೆ. ಇದಕ್ಕೆ ಪೆಟ್ರೋಲ್ ಎರಚುವವರೂ ಇದ್ದಾರೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲೇ ಇರುತ್ತದೆ, ಆ ಧೈರ್ಯ ಬೇಡ.

ಕೊನೆಗೆ ಫ್ಲೋಟ್. ಮಟ್ಟ ಮೇಲಿದ್ದರೆ ಎಲ್ಲ ವೇಗದಲ್ಲೂ ರಿಚ್, ನಿಂತಲ್ಲೇ ಓವರ್‌ಫ್ಲೋ. ಕೆಳಗಿದ್ದರೆ ಏರಿನಲ್ಲಿ ಎಂಜಿನ್ ಸೊರಗುತ್ತದೆ. ಇಂಧನ ಬದಲಾದರೆ ಈ ಮಟ್ಟವೂ ಬದಲಾಗುತ್ತದೆ ಅನ್ನೋದನ್ನು ತುಂಬಾ ಜನ ಮರೆಯುತ್ತಾರೆ. ಭಾರದ ಪೆಟ್ರೋಲಿನಲ್ಲಿ ಫ್ಲೋಟ್ ಜಾಸ್ತಿ ತೇಲಿ ಬೇಗ ಬಾಗಿಲು ಮುಚ್ಚುತ್ತದೆ. 700ರ ಪೆಟ್ರೋಲಿಗೆ ಮಾಡಿದ ಫ್ಲೋಟ್ ಇವತ್ತಿನ 750ರ ಪೆಟ್ರೋಲಿನಲ್ಲಿ ಮಟ್ಟವನ್ನು ಸ್ವಲ್ಪ ಕೆಳಗೇ ನಿಲ್ಲಿಸುತ್ತದೆ.

ಮಾಡೆಲ್ ಟಿಯ ಸೂಜಿ

ಈಗ ತಿರುಗಿಸಬಹುದು. ಮಾಡೆಲ್ ಟಿಯನ್ನೇ ತೆಗೆದುಕೊಳ್ಳೋಣ, ಒಂದು ಸೂಜಿ ಇರುವ ಕಾರ್ಬೊರೇಟರ್ ಅರ್ಥವಾದರೆ ಉಳಿದವು ಕಷ್ಟವಲ್ಲ. ಸ್ಟೀರಿಂಗ್ ಕೆಳಗೆ ಎರಡು ಹಿಡಿ. ಎಡಗಡೆಯದು ಕಿಡಿಯ ಟೈಮಿಂಗ್‌ಗೆ, ಬಲಗಡೆಯದು ಥ್ರಾಟಲ್‌ಗೆ. ಜೆಟ್‌ನಿಂದ ಬರುವ ಪೆಟ್ರೋಲನ್ನು ಹೆಚ್ಚು ಕಮ್ಮಿ ಮಾಡುವ ಸೂಜಿಯಿಂದ (ಫ್ಲೋಟಿನ ಸೂಜಿ ಬೇರೆ) ಒಂದು ಕಡ್ಡಿ ಡ್ಯಾಶ್‌ವರೆಗೆ ಬಂದಿರುತ್ತದೆ, ಒಳಗೆ ಕೂತೇ ತಿರುಗಿಸಬಹುದು. ಬಲಕ್ಕೆ ತಿರುಗಿಸಿದರೆ ಸೂಜಿ ಮುಚ್ಚುತ್ತಾ ಲೀನ್, ಎಡಕ್ಕೆ ತಿರುಗಿಸಿದರೆ ರಿಚ್.

ಸೂಜಿಯನ್ನು ಮೆಲ್ಲಗೆ, ಬೆರಳ ತುದಿಯಲ್ಲಿ ಪೂರ್ತಿ ಮುಚ್ಚಿ. ಬಿಗಿ ಮಾಡಬೇಡಿ. ಜೋರು ಮಾಡಿದರೆ ಸೂಜಿಯ ಮೊನೆಯಲ್ಲಿ ಉಂಗುರದಂಥ ಗೆರೆ ಬೀಳುತ್ತದೆ, ಆಮೇಲೆ ಅದು ಯಾವತ್ತೂ ಸರಿಯಾಗಿ ಅಳೆಯುವುದಿಲ್ಲ. ಅಲ್ಲಿಂದ ಒಂದರಿಂದ ಒಂದೂವರೆ ಸುತ್ತು ಬಿಚ್ಚಿ. ಸ್ಟಾರ್ಟ್ ಆಗಲು ಇಷ್ಟು ಸಾಕು. ಕೈಯಿಂದ ಹ್ಯಾಂಡಲ್ ತಿರುಗಿಸುವುದಾದರೆ ಕಿಡಿಯ ಹಿಡಿ ಪೂರ್ತಿ ಹಿಂದಕ್ಕೆ, ಅಂದರೆ ಕಿಡಿ ತಡವಾಗಿ ಹಾರುವ ಕಡೆಗೆ, ಇದೆ ಅಂತ ಎರಡು ಸಲ ನೋಡಿ. ಮುಂದಿದ್ದರೆ ಎಂಜಿನ್ ಉಲ್ಟಾ ಒದ್ದು ಮಣಿಕಟ್ಟು ಮುರಿಯುತ್ತದೆ. ಹೆಬ್ಬೆರಳು ಹ್ಯಾಂಡಲನ್ನು ಸುತ್ತಬಾರದು, ಉಳಿದ ಬೆರಳುಗಳ ಕಡೆಯೇ ಇರಬೇಕು.

ಎಂಜಿನ್ ಚೆನ್ನಾಗಿ ಬಿಸಿಯಾಗಲಿ. ತಣ್ಣಗಿದ್ದಾಗ ಮಾಡಿದ ಸೆಟ್ಟಿಂಗ್ ಸುಮ್ನೆ ಶ್ರಮ. ತಣ್ಣನೆಯ ಮ್ಯಾನಿಫೋಲ್ಡಿನಲ್ಲಿ ಅರ್ಧ ಪೆಟ್ರೋಲ್ ಗೋಡೆಗೆ ಅಂಟಿ ಹನಿಯಾಗಿಯೇ ಇರುತ್ತದೆ, ಆವಿಯಾದದ್ದಷ್ಟೇ ಉರಿಯುತ್ತದೆ. ಬಿಸಿಯಾದ ಮೇಲೆ ಥ್ರಾಟಲ್ ಕಾಲು ಭಾಗ ತೆರೆದು, ಕಿಡಿಯನ್ನು ಸ್ವಲ್ಪ ಮುಂದಕ್ಕೆ ತಂದು, ಸೂಜಿಯನ್ನು ಸ್ವಲ್ಪ ಸ್ವಲ್ಪವೇ ಬಲಕ್ಕೆ ತಿರುಗಿಸುತ್ತಾ ಹೋಗಿ. ಪ್ರತಿ ಸಲ ಒಂದು ಕ್ಷಣ ನಿಲ್ಲಿ, ಮ್ಯಾನಿಫೋಲ್ಡಿನಲ್ಲಿ ಇರುವ ಹಳೆ ಮಿಶ್ರಣ ಮುಗಿಯಬೇಕು. ಒಂದು ಹಂತದಲ್ಲಿ ಎಂಜಿನ್ ಮಿಸ್ಸಿಂಗ್ ಹೊಡೆಯಲು ಶುರುಮಾಡುತ್ತದೆ, ಕಾರ್ಬೊರೇಟರಿನ ಬಾಯಿಂದ ಫಟ್ ಅಂತ ಸೀನುತ್ತದೆ. ಲೀನ್ ಮಿಶ್ರಣ ನಿಧಾನ ಉರಿಯುತ್ತದೆ. ಮುಂದಿನ ಸಲ ಇನ್‌ಲೆಟ್ ವಾಲ್ವ್ ತೆರೆಯುವಾಗಲೂ ಒಳಗೆ ಬೆಂಕಿ ಆರಿರುವುದಿಲ್ಲ, ಅದು ಹಿಂದಕ್ಕೆ ಹಾರುತ್ತದೆ. ಅದೇ ಆ ಸೀನು. ಈಗ ಎಡಕ್ಕೆ ತಿರುಗಿಸುತ್ತಾ ಬನ್ನಿ. ವೇಗ ಏರುತ್ತದೆ, ಅತಿ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ, ಇನ್ನೂ ಬಿಚ್ಚಿದರೆ ಕುದುರೆ ಓಟದ ಹಾಗೆ ಏರಿಳಿದು ಓಡುತ್ತಾ ಕಪ್ಪು ಹೊಗೆ ಬಿಡುತ್ತದೆ. ವೇಗ ಅತಿ ಹೆಚ್ಚಿದ್ದು, ಹೊಗೆ ಇಲ್ಲದ ಜಾಗವೇ ನಿಮ್ಮ ಜಾಗ. ಅಲ್ಲಿ ಸೂಜಿ ಎಷ್ಟು ಸುತ್ತಿಗೆ ಇದೆ ಅಂತ ಗುರುತು ಹಾಕಿಕೊಳ್ಳಿ. ನಾಳೆ ಬೆಳಿಗ್ಗೆ ತಣ್ಣಗಿರುವಾಗ ಕಾಲು ಸುತ್ತು ಎಡಕ್ಕೆ, ಬಿಸಿಯಾದ ಮೇಲೆ ಮತ್ತೆ ಗುರುತಿಗೆ.

ನಿಂತಲ್ಲಿ ಸರಿಯಾದದ್ದು ರಸ್ತೆಯಲ್ಲೂ ಸರಿ ಇರಬೇಕು ಅಂತಿಲ್ಲ. ಒಂದು ಏರು ಹತ್ತಿಸಿ, ಹಾಗೇ ಎಂಜಿನ್ ಬಂದ್ ಮಾಡಿ, ಪ್ಲಗ್ ಬಿಚ್ಚಿ ನೋಡಿ. ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿ. ಕಪ್ಪು ಮಸಿ ಇದ್ದರೆ ರಿಚ್, ಸುಣ್ಣದ ಹಾಗೆ ಬಿಳಿ ಇದ್ದರೆ ಲೀನ್. ಇವತ್ತಿನ ಪೆಟ್ರೋಲಿನಲ್ಲಿ ಸೀಸ ಇಲ್ಲದ್ದರಿಂದ ಬಣ್ಣ ಮೊದಲಿನಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಅನುಮಾನ ಬಂದರೆ ಸ್ವಲ್ಪ ರಿಚ್ ಕಡೆಗೇ ಇರಲಿ. ರಿಚ್ ಆದರೆ ಹೋಗುವುದು ದುಡ್ಡು, ಲೀನ್ ಆದರೆ ಎಕ್ಸಾಸ್ಟ್ ವಾಲ್ವ್.

ಎಸ್‌ಯು ಇರುವವರಿಗೆ ಇದಕ್ಕಿಂತ ಸುಲಭದ ಪರೀಕ್ಷೆ ಇದೆ. ಐಡ್ಲಿಂಗ್‌ನಲ್ಲಿ ಕಾರ್ಬೊರೇಟರಿನ ಒಳಗಿನ ಪಿಸ್ಟನನ್ನು, ಅಂದರೆ ಗಾಳಿಯ ದಾರಿಯನ್ನು ಕಿರಿದು, ಅಗಲ ಮಾಡುವ ಭಾಗವನ್ನು, 1 ಮಿಲಿಮೀಟರಿಗೂ ಕಮ್ಮಿ ಎತ್ತಿ. ವೇಗ ಏರಿ ಹಾಗೇ ನಿಂತರೆ ರಿಚ್. ಎಂಜಿನ್ ಸಾಯಲು ಬಂದರೆ ಲೀನ್. ಒಂದು ಕ್ಷಣ ಚೂರು ಏರಿ ಮೊದಲಿನಂತಾದರೆ ಕೈ ತೆಗೆಯಿರಿ, ಅಲ್ಲಿಗೆ ಮುಗಿಯಿತು.

ಘಟ್ಟ ಮತ್ತು ಇ20

ಮಂಗಳೂರಿನಲ್ಲಿ ಸೆಟ್ ಮಾಡಿದ ಕಾರು ಬೆಂಗಳೂರಿಗೆ ಬಂದರೆ ರಿಚ್ ಆಗುತ್ತದೆ. 920 ಮೀಟರ್ ಎತ್ತರದಲ್ಲಿ ಗಾಳಿ ಶೇ 9ರಷ್ಟು ತೆಳು. ಜೆಟ್‌ನಿಂದ ಬರುವ ಪೆಟ್ರೋಲ್ ಮಾತ್ರ ಅಷ್ಟು ಇಳಿಯುವುದಿಲ್ಲ, ಅದರ ಅರ್ಧದಷ್ಟೇ ಇಳಿಯುತ್ತದೆ. ಹಾಗಾಗಿ ಮಿಶ್ರಣ ಶೇ 4, 5ರಷ್ಟು ರಿಚ್. 2,240 ಮೀಟರಿನ ಊಟಿಯಲ್ಲಿ ಇದು ಶೇ 10ರ ಹತ್ತಿರ. ಮಾಡೆಲ್ ಟಿಯಲ್ಲಿ ಘಟ್ಟ ಹತ್ತುತ್ತಾ ಸೂಜಿಯನ್ನು ಸ್ವಲ್ಪ ಸ್ವಲ್ಪ ಮುಚ್ಚಿಕೊಳ್ಳಬಹುದು. ಇಳಿಯುವಾಗ ಮತ್ತೆ ಬಿಚ್ಚಲು ಮರೆಯಬಾರದು, ಅಷ್ಟೇ.

ಎಥೆನಾಲ್ ಇದರ ಉಲ್ಟಾ. ಭಾರತದಲ್ಲಿ 2025ರ ಹೊತ್ತಿಗೆ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವುದು ಸಾಮಾನ್ಯವಾಯಿತು. ಆಲ್ಕೋಹಾಲ್ ಬೆರೆಸುವುದು ನಮಗೆ ಹೊಸದೇನಲ್ಲ, 1948ರಲ್ಲೇ ಭಾರತದಲ್ಲಿ ಪವರ್ ಆಲ್ಕೋಹಾಲ್ ಕಾಯ್ದೆ ಬಂದಿತ್ತು. ಹೊಸ ಕಾರಿನ ಕಂಪ್ಯೂಟರ್ ಎಕ್ಸಾಸ್ಟ್ ಮೂಸಿ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಹಳೆ ಜೆಟ್‌ಗೆ ಮೂಗಿಲ್ಲ. ಶುದ್ಧ ಪೆಟ್ರೋಲಿಗೆ ಸೆಟ್ ಮಾಡಿದ ಕಾರ್ಬೊರೇಟರಿಗೆ ಇ20 ಹಾಕಿದರೆ ಮಿಶ್ರಣ ಶೇ 7, 8ರಷ್ಟು ಲೀನ್. ಎಂಜಿನ್ ಬೇಗ ಬಿಸಿಯಾಗುತ್ತದೆ, ಪಿಕಪ್‌ನಲ್ಲಿ ತಡವರಿಸುತ್ತದೆ, ಸೀನುತ್ತದೆ. ಸೂಜಿ ಇರುವ ಕಾರ್ಬೊರೇಟರ್ ಆದರೆ ಬಿಚ್ಚಿಕೊಂಡರೆ ಆಯಿತು. ಜೆನಿತ್‌ನಂಥ, ಅಳತೆ ಬದಲಿಸಲು ಬಾರದ ಜೆಟ್ ಇದ್ದರೆ ಒಂದು ಸೈಜ್ ದೊಡ್ಡ ಜೆಟ್ ಹುಡುಕಬೇಕು. ಸಮುದ್ರಮಟ್ಟಕ್ಕೆ ಸೆಟ್ ಆದ ಕಾರನ್ನು ಬೆಂಗಳೂರಿನಲ್ಲಿ ಓಡಿಸುವವರಿಗೆ ಎತ್ತರವೇ ಅರ್ಧ ಸರಿದೂಗಿಸುತ್ತದೆ, ಅದೊಂದು ಪುಣ್ಯ.

ಅಳತೆಗಿಂತ ದೊಡ್ಡ ತಲೆನೋವು ಫ್ಲೋಟ್. ಆ ಕಾಲದ ಹಲವು ಕಾರ್ಬೊರೇಟರುಗಳಲ್ಲಿ ಫ್ಲೋಟ್ ಮಾಡಿದ್ದು ಬಾಟಲಿಯ ಬಿರಡೆಗೆ ಬಳಸುವ ಕಾರ್ಕ್‌ನಿಂದ, ಅದರ ಮೇಲೆ ಅರಗಿನ ಪಾಲಿಶ್, ಅಂದರೆ ಶೆಲ್ಯಾಕ್. ಪೆಟ್ರೋಲಿನಲ್ಲಿ ಶೆಲ್ಯಾಕ್ ಕರಗುವುದಿಲ್ಲ. ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಡಗಿಗಳು ಪಾಲಿಶ್ ಕರಗಿಸುವುದೇ ಸ್ಪಿರಿಟ್‌ನಲ್ಲಿ ಅಲ್ವಾ? ಪದರ ಹೋದರೆ ಕಾರ್ಕ್ ಪೆಟ್ರೋಲ್ ಕುಡಿದು ಭಾರವಾಗುತ್ತದೆ, ತೇಲುವುದು ಬಿಟ್ಟು ಮುಳುಗುತ್ತದೆ, ಸೂಜಿ ಮುಚ್ಚುವುದಿಲ್ಲ, ಪೆಟ್ರೋಲ್ ಹೊರಗೆ ಸುರಿಯುತ್ತದೆ. ಕರಗಿದ ಅರಗು ಜೆಟ್‌ನಲ್ಲಿ ಹೋಗಿ ಕೂರುತ್ತದೆ. ಇದಕ್ಕೆ ಹಿತ್ತಾಳೆ ಫ್ಲೋಟ್ ಹಾಕಿಸುವುದೇ ಸರಿಯಾದ ದಾರಿ. ಹಳೆ ರಬ್ಬರ್ ಕೊಳವೆಗಳನ್ನೂ ಅದೇ ಸಲ ಬದಲಾಯಿಸಿ.

ಎಥೆನಾಲ್ ಇಲ್ಲದ ಪೆಟ್ರೋಲ್ ನಿಮ್ಮೂರಲ್ಲಿ ಸಿಕ್ಕರೆ ಅದಕ್ಕೆ ಹೆಚ್ಚು ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಬೋರ್ಡಿನಲ್ಲಿ ಬರೆದ ಆಕ್ಟೇನ್ ನೋಡಬೇಡಿ, ಎಥೆನಾಲ್ ಎಷ್ಟಿದೆ ಅಂತ ಕೇಳಿ. ಸಿಗದಿದ್ದರೆ ಸಾದಾ ಪೆಟ್ರೋಲೇ ಇರಲಿ, ಒಂದೆರಡು ವಾರಕ್ಕೆ ಆಗುವಷ್ಟೇ ಹಾಕಿ. ನಿಲ್ಲಿಸಿದ ಟ್ಯಾಂಕಿನಲ್ಲಿ ಹಗುರ ಭಾಗ ಹಾರಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎಥೆನಾಲ್ ತೇವ ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಆಲ್ಕೋಹಾಲ್ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಕಾರ್ಬೊರೇಟರಿಗೆ ಪೈಪ್ ಹೊರಡುವುದೂ ತಳದಿಂದಲೇ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕಿನ ಕಾಕ್ ಮುಚ್ಚಿ, ಬಟ್ಟಲಿನ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಆಮೇಲೆ ಟ್ಯಾಂಕ್ ಬಸಿಯಿರಿ.